ಹಾಡಿನ ಬೆನ್ನಿಗೆ ನಿಂತವರು

ಉಡುಪಿಯಿಂದ ಬಡಗು ದಿಕ್ಕಿಗೆ ಸಾಗುವ ಹೆದ್ದಾರಿಯು ಸಂತೆಕಟ್ಟೆಯನ್ನು ಕಳೆದು ಸುವರ್ಣಾ ನದಿಯನ್ನು ಸಮೀಪಿಸುವಲ್ಲಿ ಕಲ್ಯಾಣಪುರವೆಂಬ ಹಳೆಯ ಊರಿದೆ. 1678ರಷ್ಟು ಹಿಂದೆ ನೆಲೆಗೊಂಡ ಮಿಲಾಗ್ರಿಸ್ ಇಗರ್ಜಿಯೂ, ಹತ್ತಿರದ ದೇವಸ್ಥಾನಗಳೂ, ತೆಂಗಿನ ತೋಟಗಳೂ, ಹೊಳೆಯ ನಡುವಣ ಕುದುರುಗಳೂ ಕೂಡಿ ಆದ ನೆಲ ಅದು. ಹಿಂದಿನ ಕಾಲದ ಗ್ರಂಥಗಳಲ್ಲಿ ಆ ನದಿಗೂ ಊರಿನ ಹೆಸರೇ ಅಂಟಿಕೊಂಡಿತ್ತು. ರಾಬರ್ಟ್ ಕಾಲ್ಡ್ವೆಲ್ ಎಂಬ ಪಂಡಿತನು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ತುಳುಭಾಷೆಯ ಎಲ್ಲೆಯನ್ನು ಹೇಳುವಾಗ, ತೆಂಕಣಕ್ಕೆ ಚಂದ್ರಗಿರಿ, ಬಡಗಣಕ್ಕೆ ಕಲ್ಯಾಣಪುರಿ ನದಿ ಎಂದು ಗುರುತಿಸಿದ್ದಾನೆ. ಭಾಷೆ ಅಂಥ ಗೆರೆಯೊಳಗೆ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು. ಆದರೆ ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟುಗಳು ಒಂದನ್ನೊಂದು ಕೈಮುಟ್ಟಿ ಮಾತಾಡಿಸುವ ಸೀಮೆಯೂ ಹೆಚ್ಚು ಕಡಿಮೆ ಇದೇ ಆಗಿರುವುದರಿಂದ, ಈ ಭಾಗದ ಜನರು ಎರಡೂ ತಿಟ್ಟುಗಳ ಚಂಡೆಯ ಸದ್ದನ್ನು ಕೇಳಿ ಬೆಳೆದವರು.

ಧ್ವನಿವರ್ಧಕ ಬರುವುದಕ್ಕೆ ಮೊದಲು, ಅಚ್ಚಾದ ಭಿತ್ತಿಪತ್ರಗಳು ಗೋಡೆಗೋಡೆಗೆ ಹತ್ತುವುದಕ್ಕೆ ಮೊದಲು, ಊರಿಗೆ ಆಟ ಬಂದಿದೆ ಎಂಬ ಸುದ್ದಿಯನ್ನು ಸಾರುತ್ತಿದ್ದುದು ಈ ಸದ್ದೇ. ಮುಸ್ಸಂಜೆಯ ಹೊತ್ತಿಗೆ ಚಂಡೆ ಮದ್ದಳೆಗಳನ್ನು ಒಟ್ಟಿಗೆ ನುಡಿಸುವ ಆ ಕ್ರಮಕ್ಕೆ 'ಕೇಳಿ' ಎಂದೇ ಹೆಸರು. ಹೊಳೆಯ ಆಚೆ ದಡದ ಮನೆಯಲ್ಲಿ ಅಡಿಗೆಯ ಕೆಲಸವನ್ನು ಬೇಗ ಮುಗಿಸುವಂತೆ ಮಾಡುತ್ತಿದ್ದುದು, ಮಕ್ಕಳನ್ನು ಊಟದ ಎಲೆಯಿಂದ ಎಬ್ಬಿಸುತ್ತಿದ್ದುದು ಆ ಕೇಳಿಯ ಪೆಟ್ಟು. ಇಷ್ಟಾಗಿಯೂ ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿದ ಮೇಲೆ, ಮನೆಗೆ ಮರಳುವ ದಾರಿಯುದ್ದಕ್ಕೂ ಮಾತು ಯಾರ ಮೇಲೆ? ಕೌರವನ ಒಡ್ಡೋಲಗದ ಮೇಲೆ, ಸ್ತ್ರೀವೇಷದ ಬಳುಕಿನ ಮೇಲೆ, ಹೆಚ್ಚೆಂದರೆ ಭಾಗವತರು ಎತ್ತಿದ ಒಂದು ಪದ್ಯದ ಮೇಲೆ. ಅತ್ತ ರಂಗಸ್ಥಳದ ಹಿಂದೆ ಒಬ್ಬಾತನು ತನ್ನ ಮದ್ದಳೆಗೆ ಬಟ್ಟೆಯ ಗವಸನ್ನು ತೊಡಿಸಿ, ನೊಂದ ಬೆರಳುಗಳನ್ನು ನೀವಿಕೊಂಡು, ಮುಂದಿನ ಊರಿನ ದಾರಿ ಹಿಡಿಯುತ್ತಿದ್ದನು. ಅವನ ಹೆಸರನ್ನು ಕೇಳಿದವರು ವಿರಳ.

ಯಕ್ಷಗಾನದಲ್ಲಿ ವೇಷಧಾರಿಗಳ ವರ್ಗಕ್ಕೆ ಮುಮ್ಮೇಳವೆಂದೂ, ಭಾಗವತರು ಮತ್ತು ವಾದ್ಯಗಾರರ ವರ್ಗಕ್ಕೆ ಹಿಮ್ಮೇಳವೆಂದೂ ಹೆಸರು. ಹಿಮ್ಮೇಳದಲ್ಲಿಯೂ ಭಾಗವತರದು ಯಜಮಾನಿಕೆ. ಅವರನ್ನು 'ಮೊದಲನೆಯ ವೇಷಧಾರಿ' ಎಂದು ಗೌರವಿಸುವುದುಂಟು. ಹೀಗಾಗಿ ಚಂಡೆ ಮದ್ದಳೆಯವರು ಹಿಮ್ಮೇಳಕ್ಕೂ ಹಿಮ್ಮೇಳವಾದವರು. ಎರಡು ಪಟ್ಟು ಹಿಂದೆ ನಿಂತವರು.

* * *

ಹಾಡುವವನ ಹೆಸರು ಉಳಿದು ಜೊತೆಗೊಟ್ಟವನ ಹೆಸರು ಅಳಿಯುವುದು ಕರಾವಳಿಯೊಂದರ ಕಥೆಯಲ್ಲ. ಅಮೆರಿಕದ ತೆಂಕಣ ರಾಜ್ಯಗಳ ಹಳ್ಳಿಗಾಡಿನಿಂದ ಹುಟ್ಟಿ ಬಂದ 'ಕಂಟ್ರಿ' ಸಂಗೀತದಲ್ಲಿ ಹ್ಯಾಂಕ್ ವಿಲಿಯಮ್ಸ್ ಎಂಬ ಗಾಯಕನಿದ್ದನು. 1953ರ ಜನವರಿ 1ರಂದು, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆತನ ಹಾಡುಗಳನ್ನು ಇಂದಿಗೂ ಲೋಕ ಕೇಳುತ್ತಿದೆ. ಆ ಹಾಡುಗಳಲ್ಲಿ ಆತನ ಕಂಠದ ಬೆನ್ನಿಗೇ ಇನ್ನೊಂದು ದನಿ ಅಳುವಂತೆ ಎಳೆದೆಳೆದು ಬರುತ್ತದೆ. ಅದು ಸ್ಟೀಲ್ ಗಿಟಾರು. ನುಡಿಸಿದವನು ಡಾನ್ ಹೆಲ್ಮ್ಸ್. ಹ್ಯಾಂಕನ ಅತಿ ಪ್ರಸಿದ್ಧ ಗೀತೆಗಳಲ್ಲಿ ಬಹುಪಾಲು ಆತನ ಕೈವಾಡವಿದೆ. 1952ರಲ್ಲಿ ಮುದ್ರಿತವಾದ 'ಯುವರ್ ಚೀಟಿನ್ ಹಾರ್ಟ್' ಎಂಬ ಹಾಡನ್ನು ಆ ವಾದ್ಯವಿಲ್ಲದೆ ಊಹಿಸುವುದೇ ಕಷ್ಟ. ಗಾಯಕನು ಸತ್ತ ಬಳಿಕ ಐವತ್ತೈದು ವರ್ಷ ಬದುಕಿ 2008ರಲ್ಲಿ ಹೆಲ್ಮ್ಸ್ ತೀರಿಕೊಂಡನು. ಹಾಡನ್ನು ಗುನುಗುವ ಲಕ್ಷಾಂತರ ಮಂದಿಗೆ ಅವನ ಹೆಸರು ಗೊತ್ತಿಲ್ಲ. ಅವನ ದನಿ ಮಾತ್ರ ಗೊತ್ತು.

ಈ ಸ್ಟೀಲ್ ಗಿಟಾರಿನ ಕಥೆಯೂ ಸ್ವಾರಸ್ಯವುಳ್ಳದ್ದು. ಸುಮಾರು 1889ರಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗನು ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸಲಾರಂಭಿಸಿದನು. ಗೋಟುವಾದ್ಯವನ್ನು ಕೇಳಿ ಬಲ್ಲವರಿಗೆ ಈ ತತ್ತ್ವ ಹೊಸದಲ್ಲ: ಮನೆಗಳ ಕಟ್ಟಿಲ್ಲದೆ ಸ್ವರದಿಂದ ಸ್ವರಕ್ಕೆ ಜಾರುವುದು, ಕಂಠದಂತೆಯೇ ಗಮಕ ಕೊಡುವುದು. ಆದ್ದರಿಂದಲೇ ಈ ವಾದ್ಯ ಭಾರತಕ್ಕೆ ಬಂದಾಗ ಅನ್ಯವೆನಿಸಲಿಲ್ಲ. ಬ್ರಿಜಭೂಷಣ ಕಾಬ್ರಾ ಅವರು 1967ರಲ್ಲಿ ಹೊರಬಂದ 'ಕಾಲ್ ಆಫ್ ದ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಗಿಟಾರು ನುಡಿಸಿದರು. ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಇಲ್ಲಿ ಅದು ಮುಂದೆ ಬಂದು ಕುಳಿತಿತು; ಅಲ್ಲಿ ಮಾತ್ರ ಬಹುಕಾಲ ಹಾಡುಗಾರನ ಹಿಂದೆಯೇ ಉಳಿಯಿತು.

ಡಾನ್ ಹೆಲ್ಮ್ಸನ ವಾದನದಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಆತನು ಬಹುವಾಗಿ ಮೇಲಿನ ಸ್ಥಾಯಿಯಲ್ಲಿಯೇ ನುಡಿಸುತ್ತಿದ್ದನು. ಅಂದಿನ ಸಣ್ಣ ರೇಡಿಯೋಗಳಲ್ಲಿ, ಮೋಟಾರು ಕಾರುಗಳ ಗದ್ದಲದ ನಡುವೆ ಕೆಳಸ್ಥಾಯಿಯ ನಾದ ಮುಳುಗಿ ಹೋಗುತ್ತದೆ. ಏರಿದ ನಾದ ಮಾತ್ರ ಕಿವಿಯನ್ನು ಮುಟ್ಟುತ್ತದೆ. ಹ್ಯಾಂಕನ ಹಾಡುಗಳನ್ನು ತಿದ್ದಿ ಮುದ್ರಿಸುತ್ತಿದ್ದ ಫ್ರೆಡ್ ರೋಸ್ ಎಂಬಾತನು ಹೆಲ್ಮ್ಸನಿಗೆ ಈ ಸಲಹೆಯನ್ನು ಕೊಟ್ಟಿದ್ದನು. ಕೇಳುವವನ ಕಿವಿಗೆ ತಲುಪಬೇಕೆಂಬ ಇದೇ ಹಂಬಲವು ಸಾವಿರಾರು ಮೈಲಿ ದೂರದ ಉಡುಪಿ ಸೀಮೆಯಲ್ಲಿಯೂ ಒಂದು ವಾದ್ಯದ ಶ್ರುತಿಯನ್ನು ಏರಿಸಿದ್ದಿತು.

* * *

ಉಡುಪಿಯಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿರುವ ಹಿರಿಯಡಕದ ಗೋಪಾಲ ರಾಯರು 1919ರಲ್ಲಿ ಜನಿಸಿದವರು. ಪೆರ್ಡೂರು, ಮಂದಾರ್ತಿ ಮೊದಲಾದ ಬಡಗುತಿಟ್ಟಿನ ಮೇಳಗಳಲ್ಲಿ ಅವರು ಮದ್ದಳೆಗಾರರಾಗಿ ದುಡಿದರು. ಅವರ ಯೌವನದ ಕಾಲದಲ್ಲಿ ಬಯಲಾಟವೆಂದರೆ ಅಕ್ಷರಶಃ ಬಯಲಿನ ಆಟ. ಗದ್ದೆಯ ನಡುವೆ ನಾಲ್ಕು ಕಂಬ ನೆಟ್ಟ ರಂಗಸ್ಥಳ, ದೀವಟಿಗೆ ಅಥವಾ ಗ್ಯಾಸ್‌ಲೈಟಿನ ಬೆಳಕು, ಮೇಲೆ ಬರಿಯ ಆಕಾಶ. ಭಾಗವತರ ಕಂಠ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತ ಮುದುಕಿಯವರೆಗೆ ಮುಟ್ಟಬೇಕಾದರೆ ಏರುಶ್ರುತಿಯೊಂದೇ ಉಪಾಯ. ಭಾಗವತರು ಏರಿದರೆ ಮದ್ದಳೆಯೂ ಏರಬೇಕು. ಇಲ್ಲವಾದರೆ ಹಾಡು ಒಂದು ಕಡೆ, ನಾದ ಒಂದು ಕಡೆ. ಶೇಷಗಿರಿ ಭಾಗವತರ ಎತ್ತರದ ಕಂಠಕ್ಕೆ ಹೊಂದುವಂತೆ ಗೋಪಾಲ ರಾಯರು ಬಳಕೆಗೆ ತಂದ 'ಏರು ಮದ್ದಳೆ' ಬಡಗುತಿಟ್ಟಿನ ಹಿಮ್ಮೇಳದ ನಾದವನ್ನೇ ಬದಲಿಸಿತು. ಅದರ ಧೀಂಕಾರ ಗಂಟೆಯಂತೆ ತೆಳ್ಳಗೆ, ತಿಳಿಯಾಗಿ ಹೊಮ್ಮುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗೋಪಾಲ ರಾಯರು ವಾದ್ಯವನ್ನು ಏರಿಸಿದ್ದು ವಾದ್ಯದ ಮೆರೆದಾಟಕ್ಕಾಗಿ ಅಲ್ಲ. ಮತ್ತೊಬ್ಬರ ಕಂಠಕ್ಕೆ ಆಸರೆಯಾಗಲಿ ಎಂದು. ಹೊಸದನ್ನು ಕಂಡುಹಿಡಿಯುವವರು ಸಾಮಾನ್ಯವಾಗಿ ತಾವು ಕಾಣಿಸಿಕೊಳ್ಳುವುದಕ್ಕೆ ಅದನ್ನು ಬಳಸುತ್ತಾರೆ. ಈ ಸಂಶೋಧನೆ ಇನ್ನೊಬ್ಬರು ಕೇಳಿಸುವುದಕ್ಕೆ ಬಳಕೆಯಾಯಿತು.

ಗೋಪಾಲ ರಾಯರ ವಿದ್ಯೆ ಊರಿನ ಎಲ್ಲೆಯಲ್ಲಿ ನಿಲ್ಲಲಿಲ್ಲ. ಯಕ್ಷಗಾನದ ಅಧ್ಯಯನಕ್ಕೆಂದು ಅಮೆರಿಕದಿಂದ ಉಡುಪಿಗೆ ಬಂದ ಮಾರ್ತಾ ಆಷ್ಟನ್ ಎಂಬ ವಿದುಷಿ ಅವರಿಂದ ಪಾಠ ಹೇಳಿಸಿಕೊಂಡರು. ಆಕೆ ಬ್ರೂಸ್ ಕ್ರಿಸ್ಟಿಯವರೊಡನೆ ಸೇರಿ ಬರೆದ ಯಕ್ಷಗಾನದ ಇಂಗ್ಲಿಷ್ ಗ್ರಂಥವು 1977ರಲ್ಲಿ ಪ್ರಕಟವಾಗಿ, ಈ ಕಲೆಯನ್ನು ಹೊರಗಿನ ವಿದ್ವಾಂಸರ ಕಣ್ಣಿಗೆ ತಂದಿತು. ಕೋಟ ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳೊಡನೆಯೂ ರಾಯರ ಹೆಸರು ಬೆಸೆದುಕೊಂಡಿದೆ. 'ಯಕ್ಷಗಾನ ಬಯಲಾಟ' ಎಂಬ ಗ್ರಂಥಕ್ಕಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾರಂತರು ತಮ್ಮ ನೃತ್ಯರೂಪಕಗಳ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನೂ ತಂದವರು. ಅದನ್ನು ಒಪ್ಪಿದವರೂ ಇದ್ದರು, ಮುಖ ಸಿಂಡರಿಸಿದವರೂ ಇದ್ದರು. ಹೊಸ ವಾದ್ಯಗಳು ಬಂದವು, ಹೋದವು; ಮದ್ದಳೆ ಮಾತ್ರ ತನ್ನ ಸ್ಥಾನದಿಂದ ಕದಲಲಿಲ್ಲ. ನೂರು ವರ್ಷದ ತುಂಬು ಬಾಳನ್ನು ಬಾಳಿ ಗೋಪಾಲ ರಾಯರು 2020ರ ಅಕ್ಟೋಬರದಲ್ಲಿ ತೀರಿಕೊಂಡರು.

* * *

ಹಿಂದೆ ಕುಳಿತವನ ಕೆಲಸ ಎಷ್ಟು ಕಠಿನವೆಂಬುದನ್ನು ಮುಂದೆ ಕುಳಿತ ಪ್ರೇಕ್ಷಕನು ಅರಿಯುವುದು ಅಪರೂಪ. ಯಕ್ಷಗಾನಕ್ಕೆ ನಾಟಕದಂತೆ ಹಲವು ದಿನಗಳ ತಾಲೀಮು ಇಲ್ಲ. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿರುತ್ತವೆ. ವೇಷಧಾರಿಗಳ ಅರ್ಥ ಬಾಯಲ್ಲಿಯೇ ಹುಟ್ಟುತ್ತದೆ. ಇಂದು ಒಬ್ಬ ಪಾತ್ರಧಾರಿ ಕಾಲು ಗಳಿಗೆಯಲ್ಲಿ ಮುಗಿಸಿದ ಮಾತನ್ನು ನಾಳೆ ಮತ್ತೊಬ್ಬನು ಒಂದು ಗಂಟೆಗೆ ಎಳೆಯಬಹುದು. ಭಾಗವತರಿಗೆ ಆ ಹೊತ್ತಿಗೆ ಹೊಳೆದ ರಾಗವೇ ರಾಗ. ಇಷ್ಟೆಲ್ಲ ಅನಿಶ್ಚಯದ ನಡುವೆ ಮದ್ದಳೆಗಾರನ ಒಂದು ಕಣ್ಣು ಭಾಗವತರ ತಾಳದ ಮೇಲೆ, ಇನ್ನೊಂದು ಕಣ್ಣು ಕುಣಿಯುವವನ ಕಾಲಿನ ಮೇಲೆ, ಕಿವಿ ಚಂಡೆಯ ಮೇಲೆ ಇರಬೇಕು. ಪದ್ಯದ ಸಾಲು ಮುಗಿದು ಭಾಗವತರು ಉಸಿರೆಳೆದುಕೊಳ್ಳುವ ಆ ಕ್ಷಣವನ್ನು ಮದ್ದಳೆ ತುಂಬಬೇಕು. ಉಸಿರು ಮರಳಿ ಪದ್ಯ ಏಳುವಷ್ಟರಲ್ಲಿ ಅದು ಸರಿದು ಜಾಗ ಬಿಡಬೇಕು. ಬಿಡ್ತಿಗೆ, ಮುಕ್ತಾಯಗಳ ಲೆಕ್ಕದಲ್ಲಿ ಒಂದು ಅಕ್ಷರ ತಪ್ಪಿದರೆ ಕುಣಿಯುವವನ ಹೆಜ್ಜೆ ಗಾಳಿಯಲ್ಲಿ ನಿಂತುಬಿಡುತ್ತದೆ. ಆದರೆ ಸಭೆ ನಗುವುದು ವೇಷಧಾರಿಯನ್ನು ನೋಡಿ.

ಚಂಡೆಯ ಶಿಸ್ತು ಇನ್ನೊಂದು ಬಗೆಯದು. ಶೃಂಗಾರಕ್ಕೂ ಶೋಕಕ್ಕೂ ಅದು ಬಹುಮಟ್ಟಿಗೆ ಮೌನ. ವೀರ, ರೌದ್ರ, ಯುದ್ಧ, ದೊಡ್ಡ ಪ್ರವೇಶ, ಇಂಥ ಸಂದರ್ಭಗಳು ಬಂದಾಗಲೇ ಅದರ ಸರದಿ. ನಳ ದಮಯಂತಿಯರ ವಿರಹ ನಡೆದಿರುವಷ್ಟು ಹೊತ್ತೂ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕಾದು, ಕರೆ ಬಂದೊಡನೆ ಸಿಡಿಲಿನಂತೆ ಎರಗಬೇಕು. ಬಾರಿಸುವುದನ್ನು ಕಲಿಯುವುದಕ್ಕಿಂತ ಬಾರಿಸದೆ ಇರುವುದನ್ನು ಕಲಿಯುವುದು ಕಷ್ಟ.

ಇದರ ಮೇಲೆ ಶ್ರುತಿಯ ಚಿಂತೆ ಬೇರೆ. ಹಿಂದೆ ಸೋರೆಬುರುಡೆಯ ಪುಂಗಿ ಶ್ರುತಿ ಕೊಡುತ್ತಿತ್ತು; ಆಮೇಲೆ ಹಾರ್ಮೋನಿಯಂ ಬಂದಿತು. 'ಕಪ್ಪು ಎರಡು', 'ಬಿಳಿ ಐದು' ಎಂದು ಅದರ ಮನೆಗಳ ಹೆಸರಿನಿಂದಲೇ ಕಂಠಗಳನ್ನು ಗುರುತಿಸುವ ರೂಢಿಯೂ ಹುಟ್ಟಿತು. ಒಬ್ಬ ಭಾಗವತರು ಎದ್ದು ಇನ್ನೊಬ್ಬರು ಕುಳಿತರೆ ಶ್ರುತಿ ಬದಲಾಗುತ್ತದೆ. ಒಂದೇ ಮದ್ದಳೆ ಎಲ್ಲ ಕಂಠಗಳಿಗೂ ಒಗ್ಗುವುದಿಲ್ಲ. ಇಬ್ಬನಿ ಬಿದ್ದ ರಾತ್ರಿ ಚರ್ಮ ಸಡಿಲಾಗುತ್ತದೆ, ಬಾರು ಬಿಗಿಯಬೇಕಾಗುತ್ತದೆ. ಹೀಗೆ ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಮೇಳವು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ, ಸುಮಾರು ಆರು ತಿಂಗಳು, ಊರಿಂದ ಊರಿಗೆ, ನಿದ್ದೆಗೆಟ್ಟು ನಡೆಯುವ ಬದುಕು ಅದು.

* * *

ಹಾಡುವವರಿಗೂ ಜೊತೆಗೊಡುವವರಿಗೂ ಇರುವ ಸಂಬಂಧ ಎಷ್ಟು ನಿಕಟವಾಗಬಲ್ಲದು ಎಂಬುದಕ್ಕೆ ತೆಂಕುತಿಟ್ಟಿನಲ್ಲಿ ಒಂದು ಸುಂದರವಾದ ನಿದರ್ಶನವಿದೆ. 1947ರಲ್ಲಿ ಜನಿಸಿದ ಲೀಲಾವತಿ ಬೈಪಾಡಿತ್ತಾಯರು ವ್ಯವಸಾಯಿ ಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆಯೆಂದು ಹೆಸರಾದವರು. ಅವರ ಪತಿ ಹರಿನಾರಾಯಣ ಬೈಪಾಡಿತ್ತಾಯರು ಚಂಡೆ ಮದ್ದಳೆಗಳಲ್ಲಿ ನುರಿತವರು. ಸಂಗೀತ ಬಲ್ಲ ಪತ್ನಿಗೆ ಯಕ್ಷಗಾನದ ಹಾಡಿಕೆಯನ್ನು ಕಲಿಸಿ, ಆಕೆಯನ್ನು ಭಾಗವತರ ಪೀಠದಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕುಳಿತು ನುಡಿಸಿದವರು ಅವರು. ಗಂಡಸರದೇ ಆಗಿದ್ದ ಆ ರಾತ್ರಿಯ ಲೋಕದಲ್ಲಿ ಒಬ್ಬ ಗೃಹಿಣಿ ಪ್ರವೇಶಿಸಿ ಎರಡು ದಶಕಗಳಿಗೂ ಮೀರಿ ಮೇಳದ ತಿರುಗಾಟ ನಡೆಸಿದರೆಂದರೆ ಅದು ಆಕೆಯ ಧೈರ್ಯವೂ ಹೌದು, ಪಕ್ಕದಲ್ಲಿದ್ದ ನಾದದ ಆಸರೆಯೂ ಹೌದು. ಯುದ್ಧದ ಪದ್ಯಕ್ಕೆ ಹೆಣ್ಣಿನ ಕಂಠ ಸಾಲದು ಎಂದು ಸಂಶಯಪಟ್ಟವರಿಗೆ ಆ ಜೋಡಿ ರಂಗಸ್ಥಳದಲ್ಲಿಯೇ ಉತ್ತರ ಕೊಟ್ಟಿತು. ಲೀಲಾವತಿಯವರು 2024ರ ಡಿಸೆಂಬರದಲ್ಲಿ ತೀರಿಕೊಂಡಾಗ ನಾಡು ಆಕೆಯನ್ನು ಸ್ಮರಿಸಿತು. ಸಂಸಾರದಲ್ಲಿ ಹೆಂಡತಿ ಹಿಮ್ಮೇಳ, ಗಂಡ ಮುಮ್ಮೇಳ ಎಂಬುದು ಬಲ್ಲಂಥ ಮಾತು. ಅದನ್ನು ತಿರುಗಿಸಿ ಬಾಳಿ ತೋರಿಸಿದ ಮನೆ ಅದು.

ತೆಂಕಿನಲ್ಲಿ ಧರ್ಮಸ್ಥಳ ಮೇಳದ ಕಡತೋಕಾ ಮಂಜುನಾಥ ಭಾಗವತರ ಹಾಡನ್ನು ನೆನೆಯುವ ಹಿರಿಯರು ಅದೇ ಉಸಿರಿನಲ್ಲಿ ನೆಡ್ಲೆ ನರಸಿಂಹ ಭಟ್ಟರನ್ನೂ ಚಿಪ್ಪಾರು ಕೃಷ್ಣಯ್ಯ ಬಲ್ಲಾಳರನ್ನೂ ನೆನೆಯುತ್ತಾರೆ. ಬಡಗಿನಲ್ಲಿ ಬೇಳಂಜೆ ತಿಮ್ಮಪ್ಪ ನಾಯ್ಕರ, ದುರ್ಗಪ್ಪ ಗುಡಿಗಾರರ ಮದ್ದಳೆಯನ್ನೂ, ಕಲ್ಯಾಣಪುರದ ನೆರೆಯ ಊರಿನ ಹೆಸರನ್ನೇ ಹೊತ್ತ ಕೆಮ್ಮಣ್ಣು ಆನಂದರ ಚಂಡೆಯನ್ನೂ ನೆನೆಯುವವರಿದ್ದಾರೆ. ಆದರೆ ಇವೆಲ್ಲ ಬಲ್ಲವರ ನೆನಪು. ಎಳೆಯ ಹರೆಯದಲ್ಲಿಯೇ, 1990ರಲ್ಲಿ ಅಪಘಾತದಿಂದ ಮಡಿದ ಕಾಳಿಂಗ ನಾವಡರ ಹಾಡಿನ ಕ್ಯಾಸೆಟ್ಟುಗಳು ಕರಾವಳಿಯ ಮನೆಮನೆಗಳಲ್ಲಿ ಮೊಳಗಿದವು. ಅವುಗಳಲ್ಲಿ ನಾವಡರ ಬೆನ್ನಿಗೆ ಕೇಳಿಬರುವ ಪೆಟ್ಟು ಯಾರದು ಎಂದು ಕೇಳಿದರೆ ಹಾಡನ್ನು ಬಾಯಿಪಾಠ ಮಾಡಿದ ಅಭಿಮಾನಿಯೂ ಅನೇಕ ವೇಳೆ ತಡವರಿಸುತ್ತಾನೆ.

* * *

ಕಾಲ ಬದಲಾಗಿದೆ. ಭಿತ್ತಿಪತ್ರಗಳಲ್ಲಿ ಈಗ ಚಂಡೆ ಮದ್ದಳೆಯವರ ಹೆಸರುಗಳೂ ಅಚ್ಚಾಗುತ್ತವೆ. ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಲ್ಲಿ ಹಿಮ್ಮೇಳವನ್ನು ಪಾಠಕ್ರಮದಿಂದ ಕಲಿಸುವ ಏರ್ಪಾಡು ಬಂದಿತು. ಗುರುವಿನ ಮನೆಯ ಜಗಲಿಯಲ್ಲಿ ವರ್ಷಗಟ್ಟಲೆ ಕಾಯಬೇಕಾಗಿದ್ದ ವಿದ್ಯೆಗೆ ತರಗತಿಯ ಬಾಗಿಲು ತೆರೆಯಿತು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗವು ವೇಷಧಾರಿ, ವಾದ್ಯಗಾರ ಎಂಬ ಭೇದವೆಣಿಸದೆ ಕಲಾವಿದರ ಯೋಗಕ್ಷೇಮಕ್ಕೆ ಗಮನ ಕೊಟ್ಟಿತು. ಇದೆಲ್ಲ ಸಂತೋಷದ ವಿಷಯ. ಆರು ತಿಂಗಳು ನಿದ್ದೆಗೆಟ್ಟವನಿಗೆ ಹೊಗಳಿಕೆಯ ಜೊತೆಗೆ ಮಳೆಗಾಲದ ಅಕ್ಕಿಯೂ ಬೇಕು.

ಆದರೆ ಧ್ವನಿವರ್ಧಕದ ಕಾಲವು ಒಂದು ಹೊಸ ತೊಡಕನ್ನೂ ತಂದಿದೆ. ಬಯಲಿನ ಕೊನೆಯವರೆಗೆ ಕೇಳಿಸಲೆಂದು ಒಮ್ಮೆ ಏರಿದ ವಾದ್ಯದ ಮುಂದೆ ಈಗ ಯಂತ್ರವನ್ನೂ ಇಟ್ಟರೆ, ಆಸರೆಯಾಗಬೇಕಾದ ನಾದವೇ ಹಾಡನ್ನು ನುಂಗುತ್ತದೆ. ಎರಡು ಮೂರು ಚಂಡೆಗಳು ಒಮ್ಮೆಲೆ ಗರ್ಜಿಸಿದಾಗ ಸಭೆ ಚಪ್ಪಾಳೆ ತಟ್ಟುವುದು ನಿಜ. ಆ ಚಪ್ಪಾಳೆಯ ರುಚಿ ಹತ್ತಿದ ಎಳೆಯ ಕೈಗಳಿಗೆ ಕಾಯುವ ಸಹನೆ ಕಡಿಮೆಯಾಗುವುದೂ ನಿಜ. ಪದ್ಯದ ಮಾತು ಕೇಳದೆ ಹೋದರೆ ಕಥೆ ಯಾವುದು, ಕರುಣೆ ಯಾರ ಮೇಲೆ ಎಂಬುದೇ ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಹಾಗೆಂದು ವಾದ್ಯಗಾರನು ಮತ್ತೆ ಹೆಸರಿಲ್ಲದ ಕತ್ತಲೆಗೆ ಸರಿಯಲಿ ಎಂದು ಯಾರೂ ಹೇಳಲಾರರು. ಹೆಸರು ಬೇರೆ, ಸ್ಥಾನ ಬೇರೆ. ಹಿಂದೆ ಕುಳಿತವನ ಹೆಸರು ಮುಂದೆ ಬರಲಿ. ಹಿಂದೆ ಕೂರುವ ವಿದ್ಯೆ ಮಾತ್ರ ಕಳೆಯದಿರಲಿ. ಗೋಪಾಲ ರಾಯರಂಥವರು ಗಳಿಸಿದ ಮನ್ನಣೆ ಸ್ಥಾನ ಬಿಟ್ಟು ಎದ್ದದ್ದರಿಂದ ಬಂದುದಲ್ಲ. ಸ್ಥಾನದಲ್ಲಿ ಗಟ್ಟಿಯಾಗಿ ಕುಳಿತದ್ದರಿಂದ ಬಂದುದು.

ಇದರಲ್ಲಿ ಪ್ರೇಕ್ಷಕನ ಪಾಲೂ ಇದೆ. ಅಬ್ಬರಕ್ಕೆ ಮಾತ್ರ ಚಪ್ಪಾಳೆ ಬಿದ್ದರೆ ಅಬ್ಬರವೇ ಬೆಳೆಯುತ್ತದೆ. ಮುಂದಿನ ಸಲ ಮನೆಮಂದಿಯೆಲ್ಲ ಆಟಕ್ಕೆ ಹೋದಾಗ, ಕಿರೀಟದ ಥಳಕಿನಿಂದ ಒಂದು ಗಳಿಗೆ ಕಣ್ಣು ತೆಗೆದು ಭಾಗವತರ ಪಕ್ಕಕ್ಕೆ ನೋಡಬಹುದು. ದುಃಖದ ಪದ್ಯವೊಂದು ನಡೆದಿರುವಾಗ ಮದ್ದಳೆಯ ಮೇಲೆ ಬೆರಳು ಎಷ್ಟು ಹಗುರಾಗಿ ಬೀಳುತ್ತದೆ, ಎಲ್ಲಿ ಬೀಳದೆ ನಿಲ್ಲುತ್ತದೆ ಎಂಬುದನ್ನು ಗಮನಿಸಬಹುದು. ಆಟ ಮುಗಿದು ಹೊರಡುವಾಗ ಆ ವಾದ್ಯಗಾರರ ಹೆಸರು ಏನೆಂದು ಮಕ್ಕಳು ವಿಚಾರಿಸಿಕೊಂಡು ಬಂದರೆ, ಅಷ್ಟೇ ಸಾಕು. ಕಲ್ಯಾಣಪುರದ ಹೊಳೆಯ ಎರಡೂ ದಡಗಳಿಗೆ ತಲೆಮಾರುಗಳಿಂದ ಕೇಳಿಸುತ್ತ ಬಂದ ಸದ್ದಿನ ಸಾಲದಲ್ಲಿ ಒಂದಂಶ ತೀರಿದಂತಾಯಿತು.